ತೇಜಸ್ವಿ ಓದಬೇಕು, ಸರಿ. ಮೊದಲು ಯಾವುದು?

"ಕನ್ನಡದಲ್ಲಿ ಏನಾದ್ರೂ ಒಳ್ಳೇದು ಹೇಳಿ, ಓದ್ತೀನಿ" ಎಂದು ಯಾರಾದರೂ ಕೇಳಿದರೆ ಓದುಗರಿಗೆಲ್ಲ ಹುರುಪು ಬಂದುಬಿಡುತ್ತದೆ. ಕುವೆಂಪು, ಕಾರಂತ, ಭೈರಪ್ಪ, ತೇಜಸ್ವಿ ಎಂದು ಒಂದೇ ಉಸಿರಿನಲ್ಲಿ ಹೆಸರು ಒಪ್ಪಿಸುತ್ತೇವೆ. ಕೇಳಿದವರು ಪಾಪ, ಅಂಗಡಿಗೆ ಹೋಗುತ್ತಾರೆ. ಅಲ್ಲಿ ಕಾರಂತರ ಪುಸ್ತಕಗಳೇ ಒಂದು ಕಪಾಟು ತುಂಬಾ ಇವೆ. ಯಾವುದನ್ನು ಎತ್ತಿಕೊಳ್ಳೋದು? ಕೊನೆಗೆ ದೊಡ್ಡ ಪ್ರಶಸ್ತಿ ಬಂದದ್ದನ್ನೋ, ಎಲ್ಲರ ಬಾಯಲ್ಲಿ ಇರುವುದನ್ನೋ ತರುತ್ತಾರೆ. ಐವತ್ತು ಪುಟ ದಾಟುವ ಮೊದಲೇ ಅದು ಶೋಕೇಸ್ ಸೇರುತ್ತದೆ. "ನನಗೆ ಕನ್ನಡ ಓದೋಕೆ ಆಗಲ್ಲ" ಎಂಬ ತೀರ್ಮಾನವೂ ಅಲ್ಲೇ ಆಗಿಹೋಗುತ್ತದೆ.

ಲೇಖಕರನ್ನು ಆರಿಸುವುದು ಸುಲಭ. ಅವರ ಯಾವ ಪುಸ್ತಕದಿಂದ ಶುರು ಮಾಡಬೇಕು ಅನ್ನೋದೇ ತಲೆನೋವು. ಒಬ್ಬರ ಅತಿ ದೊಡ್ಡ ಪುಸ್ತಕವೇ ಅವರನ್ನು ಮೊದಲು ಓದಬೇಕಾದ ಪುಸ್ತಕ ಆಗಬೇಕಿಲ್ಲ. ಎಷ್ಟೋ ಸಲ ಅದು ಮೂರನೆಯದೋ ನಾಲ್ಕನೆಯದೋ ಆಗಬೇಕು. ಈಚೆಗೆ ಇವುಗಳಲ್ಲಿ ಕೆಲವನ್ನು ಮತ್ತೆ ಓದಿದೆ. ಕೆಲವನ್ನು ಗೆಳೆಯರಿಗೆ ಕೊಟ್ಟು, ಎಲ್ಲಿ ನಿಂತರು, ಎಲ್ಲಿ ರಾತ್ರಿ ನಿದ್ದೆಗೆಟ್ಟು ಓದಿದರು ಎಂದು ಕೇಳಿಕೊಂಡೆ. ಆ ಲೆಕ್ಕದಲ್ಲಿ ಇಲ್ಲಿ ಜೋಡಿ ಜೋಡಿಯಾಗಿ ಹೋಲಿಸುತ್ತಿದ್ದೇನೆ. ಸಾಹಿತ್ಯ ವಿಮರ್ಶೆ ಬೇಕಾದವರಿಗೆ ಬೇರೆ ಒಳ್ಳೆಯ ಪುಸ್ತಕಗಳಿವೆ.

ಯಾರಿಗಾದರೂ ಹೇಳುವ ಮುಂಚೆ ಒಂದೇ ಒಂದು ಪ್ರಶ್ನೆ ಕೇಳಿ: ನೀವು ಕೊನೆಯ ಪುಟದ ತನಕ ಓದಿದ ಪುಸ್ತಕ ಯಾವುದು? ಇಷ್ಟದ ಪುಸ್ತಕ ಯಾವುದು ಅಂತ ಕೇಳಬೇಡಿ. ಅದಕ್ಕೆ ಎಲ್ಲರೂ ಸ್ವಲ್ಪ ಭಾರೀ ಹೆಸರನ್ನೇ ಹೇಳುತ್ತಾರೆ.

ತೇಜಸ್ವಿ: ಕರ್ವಾಲೋ, ಜುಗಾರಿ ಕ್ರಾಸ್, ಚಿದಂಬರ ರಹಸ್ಯ

ಇಲ್ಲಿ ಎಲ್ಲರೂ ಹೇಳುವ ಉತ್ತರವೇ ಸರಿ. 'ಕರ್ವಾಲೋ' (1980) ಇಂದ ಶುರು ಮಾಡಿ. ಆದರೆ ಯಾಕೆ ಎಂಬುದಕ್ಕೆ ಎಲ್ಲರೂ ಹೇಳುವ ಕಾರಣ ನನಗೆ ಒಪ್ಪಿಗೆಯಿಲ್ಲ. "ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗೋ ಕತೆ, ಥ್ರಿಲ್ಲಿಂಗ್ ಆಗಿದೆ" ಅನ್ನುತ್ತಾರೆ. ಹಾಗಂದುಕೊಂಡು ಕೂತರೆ ನಿರಾಸೆ ಆಗುತ್ತದೆ. ಓತಿಯ ಮಾತು ನಿಧಾನಕ್ಕೆ ಬರುತ್ತದೆ. ಪುಸ್ತಕ ತೆರೆದುಕೊಳ್ಳೋದು ಮೂಡಿಗೆರೆಯ ಜೇನು ಸೊಸೈಟಿಯಲ್ಲಿ. ಕತೆ ಹೇಳುವವನು ಬೇಸಾಯದಲ್ಲಿ ಸೋತು, ಜಮೀನು ಮಾರಿ ಹೋಗಿಬಿಡೋಣ ಅಂದುಕೊಂಡಿರುವ ಮನುಷ್ಯ. ಅಲ್ಲಿ ಅವನಿಗೆ ಮಂದಣ್ಣ ಸಿಗುತ್ತಾನೆ. ಊರವರ ಲೆಕ್ಕದಲ್ಲಿ ಮಂದಣ್ಣ ಶುದ್ಧ ಪೆದ್ದ. ವಿಜ್ಞಾನಿ ಕರ್ವಾಲೋ ಲೆಕ್ಕದಲ್ಲಿ ಅವನೇ ದೊಡ್ಡ ಪ್ರಕೃತಿ ತಜ್ಞ. ಈ ಎರಡು ಲೆಕ್ಕಗಳ ನಡುವಿನ ವ್ಯತ್ಯಾಸವೇ ಪುಸ್ತಕದ ಜೀವ.

ಕರ್ವಾಲೋ ಮೊದಲ ಓದಿಗೆ ಒಗ್ಗೋದು ಯಾಕೆ ಅಂದರೆ, ಅದರಲ್ಲಿ ಎಲ್ಲರೂ ಮಾತಾಡುತ್ತಲೇ ಇರುತ್ತಾರೆ. ಅಡುಗೆ ಮಾಡುವ ಪ್ಯಾರ, ಬಿರಿಯಾನಿ ಕರಿಯಪ್ಪ, ಹಾವು ಹಿಡಿಯುವ ಎಂಗ್ಟ, ಕಿವಿ ಎಂಬ ನಾಯಿ. ಓದೋದು ಮರೆತುಹೋಗಿ ಕಟ್ಟೆ ಮೇಲೆ ಕೂತು ಕೇಳುತ್ತಿರುವ ಹಾಗೆ ಅನ್ನಿಸುತ್ತದೆ. ಪುಸ್ತಕವೂ ಸಣ್ಣದು. ಒಂದು ಶನಿವಾರ, ಭಾನುವಾರ ಸಾಕು.

'ಜುಗಾರಿ ಕ್ರಾಸ್' (1994) ಬೇರೆ ಥರದ ಓದುಗರಿಗೆ. ಇಂಗ್ಲಿಷ್ ಪತ್ತೇದಾರಿ ಓದಿ ಬೆಳೆದವರು, ವೆಬ್ ಸೀರೀಸ್ ಒಂದೇ ರಾತ್ರಿಗೆ ಮುಗಿಸುವವರು ಇದನ್ನು ಬಿಡಲ್ಲ. ಸುರೇಶ, ಗೌರಿ ಎಂಬ ಗಂಡ ಹೆಂಡತಿ ಏಲಕ್ಕಿ ಮಾರಲು ಹೊರಟ ದಿನ ನಡೆಯುವ ಕತೆ ಅದು. ಒಂದೇ ದಿನದೊಳಗೆ ಕಾಡಿನ ಕಳ್ಳಸಾಗಣೆ, ರೈಲು, ಒಂದು ಹಳೆಯ ಹಸ್ತಪ್ರತಿ ಎಲ್ಲ ಬಂದು ಡಿಕ್ಕಿ ಹೊಡೆಯುತ್ತವೆ. ಓಟ ಜೋರು. ಆದರೆ ಓಟದಲ್ಲಿ ಕೆಲವು ಪಾತ್ರಗಳು ತೆಳ್ಳಗಾಗಿವೆ ಅನ್ನೋದೂ ನಿಜ. ತೇಜಸ್ವಿಯವರ ತಮಾಷೆ ಇಲ್ಲಿ ಕರ್ವಾಲೋದಷ್ಟು ಸಿಗಲ್ಲ.

ಇನ್ನು 'ಚಿದಂಬರ ರಹಸ್ಯ' (1985). 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಇದಕ್ಕೇ. ಮೂರರಲ್ಲಿ ದೊಡ್ಡದು ಇದೇ ಎಂದು ವಾದ ಮಾಡಲು ನಾನು ತಯಾರು. ಹಾಗಿದ್ದೂ ಮೊದಲಿಗೆ ಯಾರಿಗೂ ಕೊಡಲ್ಲ. ಕೆಸರೂರು ಎಂಬ ಊರಿದೆ. ಅಲ್ಲಿ ಏಲಕ್ಕಿ ಬೆಳೆ ನಾಶವಾಗುತ್ತಿದೆ, ಒಬ್ಬ ವಿಜ್ಞಾನಿ ಸತ್ತಿದ್ದಾನೆ, ತನಿಖೆಗೆ ಅಂಗಡಿ ಎಂಬ ಅಧಿಕಾರಿ ಬಂದಿದ್ದಾನೆ. ಪತ್ತೇದಾರಿ ಕತೆ ಅಂದುಕೊಂಡು ಹೋದವರಿಗೆ ಪತ್ತೇದಾರಿ ಕೈಕೊಡುತ್ತದೆ. ಊರಿನ ಜಾತಿ, ಧರ್ಮ, ಪುಂಡು ಹುಡುಗರ ಕ್ರಾಂತಿ, ಪ್ರೇಮ ಎಲ್ಲ ಒಟ್ಟೊಟ್ಟಿಗೆ ಬರುತ್ತವೆ. ಕರ್ವಾಲೋ ಓದಿ ಅವರ ಧಾಟಿ ಹಿಡಿದವರಿಗೆ ಇದು ಹಬ್ಬ. ಹಿಡಿಯದವರಿಗೆ ಬರೀ ಗದ್ದಲ.

ಕುವೆಂಪು: ಎರಡೇ ಕಾದಂಬರಿ, ಆದರೂ ಗೊಂದಲ

ಕುವೆಂಪು ಬರೆದದ್ದು ಎರಡೇ ಕಾದಂಬರಿ. 'ಕಾನೂರು ಹೆಗ್ಗಡಿತಿ' 1936ರದ್ದು, 'ಮಲೆಗಳಲ್ಲಿ ಮದುಮಗಳು' 1967ರದ್ದು. ನಡುವೆ ಮೂವತ್ತೊಂದು ವರ್ಷ. ಎರಡೂ ದಪ್ಪ. ಎರಡೂ ಮಲೆನಾಡು. ಹಾಗಾಗಿ ಯಾವುದಾದರೂ ಒಂದು ಓದಿದರಾಯ್ತು ಅಂದುಕೊಳ್ಳುವವರು ತುಂಬಾ ಜನ.

ಕಾನೂರಿನಲ್ಲಿ ಹಿಡಿದುಕೊಳ್ಳಲು ಒಂದು ಕೈ ಇದೆ. ಹೂವಯ್ಯ ಎಂಬ ಓದಿದ ಹುಡುಗ ಇದ್ದಾನೆ. ಚಂದ್ರಯ್ಯಗೌಡ ಎಂಬ ದೊಡ್ಡ ಮನೆಯ ಯಜಮಾನನಿದ್ದಾನೆ. ಆ ಮನೆಗೆ ಬಂದ ಸುಬ್ಬಮ್ಮ ಇದ್ದಾಳೆ. ಯಾರ ಪರ ನಿಲ್ಲಬೇಕು, ಯಾರ ಮೇಲೆ ಸಿಟ್ಟಾಗಬೇಕು ಎಂಬುದು ಓದುಗನಿಗೆ ಬೇಗ ಗೊತ್ತಾಗುತ್ತದೆ. ಹೂವಯ್ಯನ ಆದರ್ಶ ಕೆಲವು ಕಡೆ ಜಾಸ್ತಿಯಾಯ್ತು ಅನ್ನಿಸಬಹುದು. ಆಗ ಬೇಟೆ ಮತ್ತು ಕಳ್ಳು ಕುಡಿತದ ಪ್ರಸಂಗಗಳು ಬಂದು ಪುಸ್ತಕವನ್ನು ಕಾಪಾಡುತ್ತವೆ. ಗಿರೀಶ ಕಾರ್ನಾಡರು 1999ರಲ್ಲಿ ಇದನ್ನು ಸಿನಿಮಾ ಮಾಡಿದರು. ನೋಡಿದವರಿಗೆ ಪಾತ್ರಗಳ ಪರಿಚಯ ಮೊದಲೇ ಇರುತ್ತದೆ, ಅದೂ ಒಂದು ಅನುಕೂಲ.

ಮದುಮಗಳಲ್ಲಿ ಆ ಕೈ ಇಲ್ಲ. ಬೇಕಂತಲೇ ಇಲ್ಲ. ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಎಂದು ಕುವೆಂಪು ಪುಸ್ತಕದ ಬಾಗಿಲಲ್ಲೇ ಹೇಳಿಬಿಟ್ಟಿದ್ದಾರೆ. ಆ ಮಾತನ್ನು ನಾವು ಭಾಷಣಗಳಲ್ಲಿ ಚಂದಕ್ಕೆ ಬಳಸುತ್ತೇವೆ. ಕುವೆಂಪು ಮಾತ್ರ ಅದನ್ನು ಅಕ್ಷರಶಃ ಮಾಡಿ ತೋರಿಸಿದ್ದಾರೆ. ನಾಯಿಗುತ್ತಿ ತಿಮ್ಮಿಯನ್ನು ಹಾರಿಸಿಕೊಂಡು ಹೋಗಲು ಹೊರಟಿದ್ದಾನೆ, ಹಿಂದೆ ಅವನ ನಾಯಿ ಹುಲಿಯ ಇದೆ. ಸರಿ, ಇದು ಗುತ್ತಿಯ ಕತೆ ಎಂದುಕೊಳ್ಳುವಷ್ಟರಲ್ಲಿ ಕತೆ ಇನ್ನೊಂದು ಮನೆಗೆ ಹೋಗಿರುತ್ತದೆ. ಅಲ್ಲಿಂದ ಮುಕುಂದಯ್ಯ ಮತ್ತು ಚಿನ್ನಮ್ಮ. ಆಮೇಲೆ ಐತ ಮತ್ತು ಪೀಂಚಲು. ಹಳೆಮನೆ, ಸಿಂಬಾವಿ, ಬೆಟ್ಟಳ್ಳಿ, ಹೂವಳ್ಳಿ, ಕೋಣೂರು ಎಂದು ಊರು ಮನೆಗಳ ಹೆಸರು ಬರುತ್ತಲೇ ಇರುತ್ತವೆ. ಮೊದಲ ನೂರು ಪುಟದಲ್ಲಿ ಕಳೆದುಹೋಗದವರು ಯಾರೂ ಇಲ್ಲ.

ಅದಕ್ಕೆ ಒಂದು ಉಪಾಯವಿದೆ. ಪುಸ್ತಕದ ಒಳರಟ್ಟಿನ ಮೇಲೆ ಪೆನ್ಸಿಲ್‌ನಲ್ಲಿ ಮನೆಗಳ ಹೆಸರು ಬರೆಯಿರಿ. ಪ್ರತಿ ಮನೆಯ ಕೆಳಗೆ ಅಲ್ಲಿಯವರ ಹೆಸರು ಸೇರಿಸುತ್ತಾ ಹೋಗಿ. ಗೌಡರದ್ದು ಮಾತ್ರ ಅಲ್ಲ, ಆಳುಗಳದ್ದೂ ಬರೆಯಿರಿ. ಯಾಕೆಂದರೆ ಕತೆ ಮುಂದೆ ಹೋಗೋದು ಹೆಚ್ಚಾಗಿ ಅವರ ಕಾಲ ಮೇಲೆ. ಒಂದು ಮನೆಯ ಸುದ್ದಿ ಇನ್ನೊಂದು ಮನೆಗೆ ಮುಟ್ಟಿಸುವವರು ಅವರೇ. ಇನ್ನೂರು ಪುಟ ದಾಟಿದ ಮೇಲೆ ಆ ಪಟ್ಟಿ ನೋಡುವ ಅಗತ್ಯವೇ ಬೀಳಲ್ಲ.

ಹಾಗಾದರೆ ಯಾವುದು ಮೊದಲು? ಕಾದಂಬರಿ ಓದುವ ರೂಢಿ ಇಲ್ಲದವರಿಗೆ ಕಾನೂರು. ರಷ್ಯನ್ ಕಾದಂಬರಿ ಗಿದಂಬರಿ ಓದಿ, ನೂರು ಪಾತ್ರಗಳ ಅಭ್ಯಾಸ ಇರುವವರಿಗೆ ನೇರ ಮದುಮಗಳು. ಅಂಥವರಿಗೆ ಕಾನೂರು ಕೊಟ್ಟರೆ "ಚೆನ್ನಾಗಿದೆ" ಎಂದು ಸುಮ್ನೆ ಆಗಿಬಿಡುತ್ತಾರೆ, ಮುಂದಿನದನ್ನು ಕೇಳಲ್ಲ. ಮದುಮಗಳನ್ನು ಸಿ. ಬಸವಲಿಂಗಯ್ಯ ರಾತ್ರಿಯಿಡೀ ನಡೆಯುವ ನಾಟಕವನ್ನಾಗಿ ಮಾಡಿದ್ದರು. ನಾಟಕ ನೋಡಿ ಬಂದು ಪುಸ್ತಕ ಕೊಂಡವರು ಹೆಚ್ಚು ಕಷ್ಟಪಡದೆ ಓದಿದ್ದನ್ನು ನೋಡಿದ್ದೇನೆ. ಇನ್ನೊಂದು ಮಾತು: ಎರಡಕ್ಕೂ ದೊಡ್ಡ ಅಕ್ಷರದ ಮುದ್ರಣ ಹುಡುಕಿಕೊಳ್ಳಿ. ಮಲಗಿಕೊಂಡು ಓದುವವರಾದರೆ ಕೈ ಸೋಲುತ್ತದೆ, ಇ-ಪುಸ್ತಕ ಸಿಕ್ಕರೆ ಅದೇ ವಾಸಿ.

ಕಾರಂತ: ಪ್ರಶಸ್ತಿ ನೋಡಿ ಕೊಳ್ಳಬೇಡಿ

ಕಾರಂತರಿಗೆ ಜ್ಞಾನಪೀಠ ಬಂದದ್ದು 'ಮೂಕಜ್ಜಿಯ ಕನಸುಗಳು' (1968) ಕಾದಂಬರಿಗೆ. ಅದರಿಂದಾಗಿ ಎಲ್ಲರೂ ಮೊದಲು ಅದನ್ನೇ ಕೊಳ್ಳುತ್ತಾರೆ. ನನ್ನ ಪ್ರಕಾರ ಕಾರಂತರನ್ನು ಶುರು ಮಾಡಲು ಅದಕ್ಕಿಂತ ತಪ್ಪು ಪುಸ್ತಕ ಇಲ್ಲ. ಅಜ್ಜಿ ಒಂದು ವಸ್ತುವನ್ನು ಮುಟ್ಟುತ್ತಾಳೆ, ಅದರ ಹಿಂದಿನ ಕಾಲವೆಲ್ಲ ಅವಳ ಕಣ್ಣಿಗೆ ಕಾಣುತ್ತದೆ. ಮೊಮ್ಮಗ ಸುಬ್ಬರಾಯ ಕೇಳುತ್ತಾನೆ, ಅಜ್ಜಿ ಹೇಳುತ್ತಾಳೆ. ದೇವರು, ಗಂಡು ಹೆಣ್ಣು, ಸನ್ಯಾಸ ಎಲ್ಲದರ ಮೇಲೂ ಅವಳ ಮಾತು ಹರಿತ. ಆದರೆ ಕತೆ ಕಡಿಮೆ, ಚರ್ಚೆ ಜಾಸ್ತಿ. ಕಾರಂತರು ಎಂಥ ಕತೆಗಾರರು ಎಂಬುದು ಇದರಲ್ಲಿ ಪೂರ್ತಿ ಗೊತ್ತಾಗಲ್ಲ.

'ಬೆಟ್ಟದ ಜೀವ' (1943) ತೆಗೆದುಕೊಳ್ಳಿ. ಸುಬ್ರಹ್ಮಣ್ಯದ ಸುತ್ತಿನ ಕಾಡು. ದಾರಿ ತಪ್ಪಿದ ಒಬ್ಬ ಪ್ರಯಾಣಿಕ, ಗೋಪಾಲಯ್ಯ ಎಂಬ ಮುದುಕರ ಮನೆಯಲ್ಲಿ ಉಳಿದುಕೊಳ್ಳುತ್ತಾನೆ. ಗೋಪಾಲಯ್ಯ ಮತ್ತು ಶಂಕರಮ್ಮ ಅವನನ್ನು ಹೊರಡಲು ಬಿಡುವುದಿಲ್ಲ. ಮನೆ ಬಿಟ್ಟುಹೋದ ಮಗ ಶಂಭುವಿನ ಮಾತು ಆಗೊಮ್ಮೆ ಈಗೊಮ್ಮೆ ಬರುತ್ತದೆ, ನಿಂತುಬಿಡುತ್ತದೆ. ಹೇಳಿಕೊಳ್ಳುವಂಥ ಘಟನೆ ಬಹಳ ಇಲ್ಲ. ಉಪಚಾರ ಇದೆ, ಊಟ ಇದೆ, ಕಾಡು ಕಡಿದು ತೋಟ ಮಾಡಿದ ಹೆಮ್ಮೆ ಇದೆ, ಅತಿಥಿಯ ಎದುರು ಗಂಡ ಹೆಂಡತಿ ಒಬ್ಬರನ್ನೊಬ್ಬರು ಚುಡಾಯಿಸುವ ಮಾತಿದೆ. ಮಗನ ಬಗ್ಗೆ ಅಳು ಎಲ್ಲೂ ಜೋರಾಗಿ ಕೇಳಿಸುವುದಿಲ್ಲ. ಅದಕ್ಕೇ ಓದುವವರಿಗೆ ಹೊಟ್ಟೆಯಲ್ಲಿ ಸಂಕಟ. ಮಕ್ಕಳು ದೂರದ ಊರಲ್ಲೋ ಹೊರದೇಶದಲ್ಲೋ ಇರುವ ಅಪ್ಪ ಅಮ್ಮಂದಿರಿಗೆ ಇದನ್ನು ಕೊಡುವ ಮುಂಚೆ ಒಂದು ಸಲ ಯೋಚಿಸಿ. ಆ ಮಕ್ಕಳಿಗೆ ಕೊಡುವುದಾದರೆ ಯೋಚನೆ ಬೇಡ.

ಇದು ಹಿಡಿಸಿದರೆ ಮುಂದೆ 'ಮರಳಿ ಮಣ್ಣಿಗೆ'. ಕಡಲ ಕರೆಯ ಕೋಡಿ ಎಂಬ ಊರು, ಒಂದು ಮನೆಯ ಮೂರು ತಲೆಮಾರು. ರಾಮ ಐತಾಳರು, ಅವರ ಮಗ ಲಚ್ಚ, ಮೊಮ್ಮಗ ರಾಮ ಎಂದು ಗಂಡಸರ ಹೆಸರಲ್ಲಿ ಕತೆ ಹೇಳಬಹುದು. ನಿಜಕ್ಕೂ ಆ ಮನೆ ನಿಂತಿರುವುದು ಪಾರ್ವತಿ, ಸರಸೋತಿ, ನಾಗವೇಣಿಯರ ದುಡಿಮೆಯ ಮೇಲೆ. ಕಾರಂತರ ಒಂದೇ ಪುಸ್ತಕ ಓದುವೆ ಎಂದು ಹಟ ಹಿಡಿದವರಿಗೆ ನಾನು ಇದನ್ನೇ ಕೊಡುತ್ತೇನೆ, ದಪ್ಪ ಇದ್ದರೂ.

ಭೈರಪ್ಪ: ಪರ್ವವೋ ಗೃಹಭಂಗವೋ

2025ರ ಸೆಪ್ಟೆಂಬರ್‌ನಲ್ಲಿ ಭೈರಪ್ಪನವರು ತೀರಿಕೊಂಡ ಮೇಲೆ, ಅವರನ್ನು ಓದದೇ ಇದ್ದವರೂ "ಎಲ್ಲಿಂದ ಶುರು ಮಾಡಲಿ" ಎಂದು ಕೇಳತೊಡಗಿದರು. ಹೆಚ್ಚಿನವರ ಬಾಯಿಗೆ ಬರುವುದು 'ಪರ್ವ' (1979). ಮಹಾಭಾರತ ಎಲ್ಲರಿಗೂ ಗೊತ್ತು, ಹಾಗಾಗಿ ಸುಲಭ ಎಂಬುದು ವಾದ. ಗೊತ್ತಿರುವುದೇ ತೊಡಕು. ಪವಾಡಗಳನ್ನೆಲ್ಲ ತೆಗೆದುಹಾಕಿ, ಕುಂತಿ, ದ್ರೌಪದಿ, ಭೀಮರನ್ನು ವಯಸ್ಸಾದ, ದಣಿದ ಮನುಷ್ಯರನ್ನಾಗಿ ನಿಲ್ಲಿಸಿ, ಅವರ ತಲೆಯೊಳಗಿನ ಮಾತನ್ನೇ ಉದ್ದಕ್ಕೂ ಕೇಳಿಸುತ್ತಾರೆ. ಟೀವಿಯ ಮಹಾಭಾರತ ತಲೆಯಲ್ಲಿಟ್ಟುಕೊಂಡು ಓದಿದರೆ ಹೆಜ್ಜೆ ಹೆಜ್ಜೆಗೂ ಎಡವುತ್ತೀರಿ.

'ಗೃಹಭಂಗ' (1970) ಹಾಗಲ್ಲ. ತಿಪಟೂರು ಸೀಮೆಯ ಹಳ್ಳಿ, ಪ್ಲೇಗಿನ ಕಾಲ. ಶ್ಯಾನುಭೋಗಿಕೆ ಗಂಡ ಚೆನ್ನಿಗರಾಯನದು, ಆದರೆ ಲೆಕ್ಕ ಬರೆಯುವವಳು ಹೆಂಡತಿ ನಂಜಮ್ಮ. ಬರೆಯುವುದು ಮುಗಿದ ಮೇಲೆ ಮುತ್ತುಗದ ಎಲೆ ಹಚ್ಚಿ ಮಾರುತ್ತಾಳೆ. ಅತ್ತೆ ಗಂಗಮ್ಮನ ಬಾಯಿ ಎಂಥದ್ದು ಎಂದು ನಾನು ಹೇಳಿದರೆ ಮಜಾ ಹೋಗುತ್ತದೆ. ಅಷ್ಟು ಕೊಳಕು ಬೈಗುಳ, ಅಷ್ಟು ಜೀವಂತ. ಗಿರೀಶ ಕಾಸರವಳ್ಳಿ ಇದನ್ನು ಧಾರಾವಾಹಿ ಮಾಡಿದಾಗ ನೋಡಿದವರೂ ಪುಸ್ತಕವನ್ನು ಬಿಡಬಾರದು. ಭೈರಪ್ಪನವರ ವಿಚಾರಗಳ ಜೊತೆ ಜಗಳ ಇರುವವರಿಗೂ ಈ ಪುಸ್ತಕದ ಮೇಲೆ ಜಗಳ ಕಡಿಮೆ. ಒಂದೇ ಎಚ್ಚರಿಕೆ: ಮನಸ್ಸು ಸರಿಯಿಲ್ಲದ ದಿನಗಳಲ್ಲಿ ಬೇಡ. ಕಷ್ಟದ ಮೇಲೆ ಕಷ್ಟ ಬರುತ್ತದೆ, ಉಸಿರಾಡಲು ಬಿಡಲ್ಲ.

ಆಫೀಸು, ದುಡ್ಡು, ನಗರ

ಹಳ್ಳಿ, ಮಲೆನಾಡು ಯಾವುದೂ ಬೇಡ, ನಮ್ಮಂಥವರ ಕತೆ ಹೇಳಿ ಅನ್ನುವವರಿಗೆ ಎರಡು ದಾರಿ. ವಿವೇಕ ಶಾನಭಾಗರ 'ಘಾಚರ್ ಘೋಚರ್' (2013) ಒಂದೇ ಕೂರಿಕೆಯಲ್ಲಿ ಮುಗಿಯುತ್ತದೆ. ಬೆಂಗಳೂರಿನ ಒಂದು ಮನೆಗೆ ದಿಢೀರನೆ ದುಡ್ಡು ಬರುತ್ತದೆ. ಮೊದಲಿನ ಪುಟ್ಟ ಮನೆಯಲ್ಲಿ ಇರುವೆಗಳ ಮೇಲೆ ಮನೆಮಂದಿಯೆಲ್ಲ ಯುದ್ಧ ಸಾರುವ ಭಾಗವನ್ನು ನಗುತ್ತಾ ಓದುತ್ತೀರಿ. ಪುಸ್ತಕ ಮುಗಿದ ಮೇಲೆ ಅದೇ ಭಾಗ ನೆನಪಾದರೆ ನಗು ಬರಲ್ಲ.

ಯಶವಂತ ಚಿತ್ತಾಲರ 'ಶಿಕಾರಿ' (1979) ಇದರ ತದ್ವಿರುದ್ಧ. ಮುಂಬೈ, ದೊಡ್ಡ ಕಂಪನಿ, ಕೆಲಸದಿಂದ ಅಮಾನತಾದ ನಾಗಪ್ಪ. ಯಾರು ತನ್ನನ್ನು ಬೇಟೆಯಾಡುತ್ತಿದ್ದಾರೆ, ಯಾಕೆ ಎಂದು ಅವನು ತಲೆ ಕೆಡಿಸಿಕೊಳ್ಳುತ್ತಾನೆ. ಚಿತ್ತಾಲರು ಸ್ವತಃ ಮುಂಬೈಯ ರಾಸಾಯನಿಕ ಉದ್ಯಮದಲ್ಲಿ ದುಡಿದವರು. ಅದಕ್ಕೇ ಆಫೀಸಿನ ಒಳಜಗಳ ಅಷ್ಟು ನಿಖರ. ಉದ್ದ ವಾಕ್ಯ, ಸುತ್ತುವ ಯೋಚನೆ, ತಾಳ್ಮೆ ಬೇಕು. ಆಫೀಸಿನಲ್ಲಿ ಒಮ್ಮೆಯಾದರೂ ಮೂಲೆಗುಂಪಾದವರಿಗೆ ತಾಳ್ಮೆ ತಾನಾಗಿ ಬರುತ್ತದೆ. ಉಳಿದವರಿಗೆ ಶಾನಭಾಗರೇ ಸರಿ.

ಚಾರಿತ್ರಿಕ ಕಾದಂಬರಿಯ ವಿಷಯದಲ್ಲೂ ಇದೇ ಲೆಕ್ಕ. ವಸುಧೇಂದ್ರರ 'ತೇಜೋ ತುಂಗಭದ್ರಾ' (2019) ಲಿಸ್ಬನ್ ಮತ್ತು ವಿಜಯನಗರ ಎರಡರಲ್ಲೂ ನಡೆಯುತ್ತದೆ, ದಪ್ಪ ಇದ್ದರೂ ಓಡುತ್ತದೆ. ಮಾಸ್ತಿಯವರ 'ಚಿಕವೀರ ರಾಜೇಂದ್ರ' (1956) ಕೊಡಗಿನ ಕೊನೆಯ ಅರಸನ ಕತೆ. ಅದು ನಡೆಯುತ್ತದೆ, ಓಡಲ್ಲ. ಹದಿಹರೆಯದವರಿಗೆ ಮೊದಲನೆಯದು.

ಬಾನು ಮುಷ್ತಾಕ್: ಕನ್ನಡದಲ್ಲೋ ಇಂಗ್ಲಿಷ್‌ನಲ್ಲೋ

2025ರಲ್ಲಿ 'ಹಾರ್ಟ್ ಲ್ಯಾಂಪ್' ಅಂತಾರಾಷ್ಟ್ರೀಯ ಬೂಕರ್ ಗೆದ್ದ ಮೇಲೆ ಈ ಪ್ರಶ್ನೆ ಹುಟ್ಟಿದೆ. ಕನ್ನಡ ಬರುವವರು ಕನ್ನಡದಲ್ಲೇ ಓದಬೇಕು, ಅಷ್ಟೇ. ಆದರೆ ಇಂಗ್ಲಿಷ್ ಪುಸ್ತಕದಲ್ಲಿರುವ 12 ಕತೆಗಳು ಬೇರೆ ಬೇರೆ ಕಾಲದ ಸಂಕಲನಗಳಿಂದ ಆಯ್ದವು. ಕನ್ನಡದ ಹಳೆಯ ಸಂಕಲನ ಕೊಂಡು "ಎಲ್ಲಿ ಆ ಕತೆ?" ಎಂದು ಹುಡುಕಬೇಡಿ. ಅನುವಾದಕಿ ದೀಪಾ ಭಾಸ್ತಿ ಕನ್ನಡ, ಉರ್ದು ಮಾತುಗಳನ್ನು ಓರೆ ಅಕ್ಷರದಲ್ಲಿ ಹಾಕದೆ, ಅಡಿಟಿಪ್ಪಣಿ ಕೊಡದೆ ಹಾಗೇ ಬಿಟ್ಟಿದ್ದಾರೆ. ಹೊರದೇಶದಲ್ಲಿ ಬೆಳೆದ, ಕನ್ನಡ ಮಾತಾಡಲು ಬಂದು ಓದಲು ಬಾರದ ಮಕ್ಕಳಿಗೆ ಇದರಿಂದ ತುಂಬಾ ಅನುಕೂಲ. ಇಂಗ್ಲಿಷ್ ಸಾಲಿನೊಳಗೆ ಮನೆಮಾತು ಕೇಳಿಸುತ್ತದೆ.

ಬಿಡಿ ಕತೆಗಳು ಬೇಡ, ಒಂದೇ ಕತೆ ಬೇಕು ಅನ್ನುವವರಿಗೆ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಇದೆ. ಅಪ್ಪ ಮತ್ತು ಗಂಡನ ಹಟದ ನಡುವೆ ಸಿಕ್ಕಿದ ನಾದಿರಾಳ ಕತೆ. ಬಾನು ಅವರ ಕತೆಗಳಲ್ಲಿ ಸಿಟ್ಟಿನ ಜೊತೆ ವ್ಯಂಗ್ಯ ಇರುತ್ತದೆ. ಸಾರಾ ಅವರದ್ದು ನೇರ, ಎಲ್ಲೂ ತಿರುವು ಮುರುವು ಇಲ್ಲ. ಕನ್ನಡ ಓದುವ ವೇಗ ಕಡಿಮೆ ಇರುವವರಿಗೆ ಸಾರಾ ಮೊದಲು.

ದೇವನೂರ: ಒಡಲಾಳ, ಆಮೇಲೆ ಕುಸುಮಬಾಲೆ

ದೇವನೂರ ಮಹಾದೇವರ ವಿಷಯದಲ್ಲಿ ಆಯ್ಕೆಯೇ ಇಲ್ಲ, ಕ್ರಮ ಇದೆ. 'ಕುಸುಮಬಾಲೆ' (1984) ಪೂರ್ತಿ ನಂಜನಗೂಡು ಸೀಮೆಯ ಮಾತಿನಲ್ಲಿದೆ. ಅದರಲ್ಲಿ ಮಂಚ ಮಾತಾಡುತ್ತದೆ, ರಾತ್ರಿ ಜೋತಮ್ಮಗಳು, ಅಂದರೆ ಮನೆಗಳ ದೀಪದ ಜೋತಿಗಳು, ಸೇರಿ ಮನೆಮನೆಯ ಸುದ್ದಿ ಹೇಳುತ್ತವೆ. ನೇರವಾಗಿ ಅದಕ್ಕೇ ಇಳಿದ ಧಾರವಾಡದ ಕಡೆಯವರೂ ಕರಾವಳಿಯವರೂ ಎರಡು ಪುಟಕ್ಕೆ ಕೈಮುಗಿದದ್ದುಂಟು.

'ಒಡಲಾಳ'ದಲ್ಲೂ ಅದೇ ಸೀಮೆಯ ಮಾತು, ಆದರೆ ಕತೆ ಕೈ ಹಿಡಿದು ನಡೆಸುತ್ತದೆ. ಸಾಕವ್ವನ ಹುಂಜ ಕಳೆದುಹೋಗಿದೆ. ಅವಳು ಹುಡುಕುತ್ತಾ, ಬೈಯುತ್ತಾ ಇದ್ದಾಳೆ. ರಾತ್ರಿ ಮಗ ಸಾಹುಕಾರರ ಕಡಲೆಕಾಯಿ ಮೂಟೆ ಕದ್ದು ತರುತ್ತಾನೆ. ಮನೆಮಂದಿಯೆಲ್ಲ ಬೆಂಕಿ ಸುತ್ತ ಕೂತು ತಿನ್ನುತ್ತಾರೆ. ಕದ್ದದ್ದು ಉಳಿಯಬಾರದು, ಸಿಪ್ಪೆಯೂ ಉಳಿಯಬಾರದು. ಹಾಗಾಗಿ ತಿನ್ನುವುದೇ ಕೆಲಸ. ಹಸಿವು, ಹೆದರಿಕೆ, ಖುಷಿ ಮೂರೂ ಒಟ್ಟಿಗೆ ಇರುವ ಅಂಥ ಊಟ ಕನ್ನಡದಲ್ಲಿ ಇನ್ನೆಲ್ಲೂ ನಾನು ಓದಿಲ್ಲ. ಆ ರಾತ್ರಿ ಓದಿದವರಿಗೆ ಆ ಮಾತಿನ ಲಯ ಕಿವಿಗೆ ಹತ್ತಿರುತ್ತದೆ.

ಅದಾದ ಮೇಲೆ ಕುಸುಮಬಾಲೆ ತೆಗೆಯಿರಿ. ಕಣ್ಣಲ್ಲಿ ಓದಬೇಡಿ, ಬಾಯಿಬಿಟ್ಟು ಓದಿ. ಪರಿಚಯದಲ್ಲಿ ಯಾರಾದರೂ ನಂಜನಗೂಡು, ಚಾಮರಾಜನಗರ ಕಡೆಯವರಿದ್ದರೆ ಮೊದಲ ಹತ್ತು ಪುಟವನ್ನು ಅವರ ಕೈಲಿ ಓದಿಸಿ, ನೀವು ಸುಮ್ನೆ ಕೇಳಿ. ಅರ್ಥವಾಗದ ಪದಕ್ಕೆ ನಡುವೆ ನಿಲ್ಲಿಸಬೇಡಿ. ಹನ್ನೊಂದನೇ ಪುಟದಿಂದ ನೀವೇ ಓದಿಕೊಳ್ಳುತ್ತೀರಿ.